ಅವಳಿಗೋಸ್ಕರ ನಿಧಾನ

ಹರೆಯದಲ್ಲಿ ನಾನು ಓಡುತ್ತಿದ್ದರೆ ನನ್ನ ನೆರಳಿಗೇ ನನ್ನ ಜೊತೆ ಬರಲು ಆಗುತ್ತಿರಲಿಲ್ಲ. ಒಮ್ಮೆ ತಿರುವಿನಲ್ಲಿ ಅದು ಕಂಗಾಲಾಗಿ ಬೇರೊಬ್ಬನ ಕಾಲಿಗೆ ಅಂಟಿಕೊಂಡು ಹೋಗಿ, ಸಂಜೆ ವಿಳಾಸ ಕೇಳಿಕೊಂಡು ಮನೆಗೆ ಬಂತು. ಕಸುಬಿನಲ್ಲಿ ನಾನು ಲಿಫ್ಟ್ ಮೆಕ್ಯಾನಿಕ್. ರಿಪೇರಿಯಾದ ಲಿಫ್ಟನ್ನು ಖಾಲಿ ಮೇಲಕ್ಕೆ ಕಳಿಸಿ, ಅದಕ್ಕಿಂತ ಮೊದಲೇ ಮೆಟ್ಟಿಲು ಹತ್ತಿ ಹೋಗಿ, ಅದರ ಬಾಗಿಲನ್ನು ನಾನೇ ತೆಗೆಯುತ್ತಿದ್ದೆ.

ಈಗ ಎಪ್ಪತ್ತು ದಾಟಿದೆ. ಹೆಂಡತಿಯೂ ಓಟಗಾರ್ತಿ. ಪರಿಚಯವಾದದ್ದೇ ಮೈದಾನದಲ್ಲಿ, ಮದುವೆಯಾದ ಮೇಲೂ ಇಬ್ಬರೂ ಒಂದು ವರ್ಷವೂ ಪಂದ್ಯ ಬಿಟ್ಟವರಲ್ಲ. ಕೆಲವು ವರ್ಷಗಳ ಹಿಂದೆ ಅವಳ ಮಂಡಿ ಊದಿಕೊಂಡಿತು. ಆಗಿನಿಂದ ಹಿರಿಯರ ಓಟದಲ್ಲಿ ಅವಳ ಪಕ್ಕದಲ್ಲೇ ಓಡುತ್ತೇನೆ. ಯಾರಾದರೂ ಕೇಳಿದರೆ, "ಅವಳಿಗೋಸ್ಕರ ನಿಧಾನ ಮಾಡ್ತೀನಿ. ಬಿಟ್ರೆ ಚಿರತೆ" ಎನ್ನುತ್ತೇನೆ.

ಈ ಸಲದ ಪಂದ್ಯಕ್ಕೆ ವಾರವಿದೆ ಎನ್ನುವಾಗ ಅವಳು ಅಡುಗೆಮನೆಯಲ್ಲಿ ಕೂತು ತನ್ನ ಓಟದ ಶೂಗಳೊಳಗೆ ಹಳೆ ಪೇಪರು ತುರುಕುತ್ತಿದ್ದಳು.

"ಎತ್ತಿಡ್ತಿದೀನಿ ರೀ. ಇನ್ಮೇಲೆ ನಾನು ಓಡಲ್ಲ. ನನ್ನ ದೆಸೆಯಿಂದ ನೀವು ಹಿಂದೆ ಬಿದ್ದಿದ್ದು ಸಾಕು."

"ನಂಗೇನೂ ತೊಂದ್ರೆ ಇಲ್ಲ ಕಣೇ."

"ನಂಗಿದೆ. ಊರಿಗೆಲ್ಲ ಹೇಳ್ಕೊಂಡು ಬಂದಿದೀರಲ್ಲ."

ಸಂಕಟವಾಗಬೇಕಿತ್ತು. ಆಗಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ, ಏನೋ ನಡೆಯುತ್ತಿದೆ, ನನಗೆ ತಾಗುತ್ತಿಲ್ಲ. ಅವಳು ಕಾಗದವನ್ನು ಬೆರಳಿನಿಂದ ಶೂವಿನ ತುದಿಯವರೆಗೆ ಒತ್ತುವುದನ್ನು ನೋಡುತ್ತಾ ಕೂತೆ.

ಮರುದಿನ ಅವಳ ತಮ್ಮ ಇಬ್ಬರನ್ನೂ ಮೈದಾನಕ್ಕೆ ಎಳೆದುಕೊಂಡು ಹೋದ. ಕೀಲಿಕೈ ಮಾಡುವುದು ಅವನ ಕಸುಬು; ನನ್ನನ್ನು ಹಂಗಿಸುವುದು ಇನ್ನೊಂದು.

"ಅಕ್ಕ ಇಲ್ದೆ ಒಂದು ಸುತ್ತು ಹೊಡೀರಿ ಭಾವ. ಚಿರತೆ ಬೋನಿಂದ ಆಚೆ ಬರೋದನ್ನ ನಾವೂ ನೋಡೋಣ."

ಇದ್ದಬದ್ದದ್ದನ್ನೆಲ್ಲ ಹಾಕಿ ಓಡಿದೆ. ಕೈಗಳು ಮೊದಲಿನ ಹಾಗೇ ಬೀಸುತ್ತಿದ್ದವು. ಕಾಲುಗಳಿಗೆ ಸುದ್ದಿ ಮುಟ್ಟಿದಂತಿರಲಿಲ್ಲ. ಬೇಲಿಯಾಚೆ ಮಗುವಿನ ಗಾಡಿ ತಳ್ಳುತ್ತಿದ್ದವಳೊಬ್ಬಳು ತಿರುವಿನವರೆಗೂ ನನ್ನ ಪಕ್ಕದಲ್ಲೇ ಇದ್ದಳು. ಅವಮಾನವೂ ಆಗಲಿಲ್ಲ. ಗೆರೆ ದಾಟಿ, ಮಂಡಿ ಹಿಡಿದು ಬಗ್ಗಿ ನಿಂತೆ.

ಭಾವಮೈದುನ ಬಂದು ಬೆನ್ನು ತಟ್ಟಿದ. "ಮೈ ಬಿಸಿ ಮಾಡ್ಕೊಂಡಿದ್ದು ಸಾಕು ಭಾವ. ಈಗ ಓಡಿ."

ಹಂಗಿಸುತ್ತಿದ್ದಾನೇನೋ ಎಂದು ಮುಖ ನೋಡಿದೆ. ಇಲ್ಲ, ನಿಜವಾಗಿಯೇ ಹೇಳುತ್ತಿದ್ದ. ಹೆಂಡತಿಯೂ ನನ್ನ ಟವೆಲನ್ನು ತೋಳಿನ ಮೇಲೆ ಹಾಕಿಕೊಂಡು ಕಾಯುತ್ತಿದ್ದಳು.

ಶೂ ಕಚ್ಚುತ್ತಿದೆ, ಗಾಳಿ ಎದುರಿಗಿದೆ ಎಂದೆಲ್ಲ ನಾಲಿಗೆ ತುದಿಗೆ ಬಂತು. ಹೇಳಿದರೆ ಅವರು ನಂಬುತ್ತಿದ್ದರು. ಅವಳ ಶೂ ಕಪಾಟಿನಲ್ಲೇ ಉಳಿಯುತ್ತಿತ್ತು.

"ಓಡಿದ್ದೇ ಅದು" ಎಂದೆ.

"ಯಾವುದು ರೀ?" ಎಂದಳು.

"ಈಗ ನೋಡಿದ್ಯಲ್ಲ, ಅದೇ. ನನ್ನ ಹತ್ರ ಇರೋದು ಅಷ್ಟೇ. ನಿಂಗೋಸ್ಕರ ನಾನು ಯಾವತ್ತೂ ನಿಧಾನ ಮಾಡಿಲ್ಲ. ನಿನ್ನ ಪಕ್ಕ ಬರೋಕೇ ನಂಗೆ ಉಸಿರು ಸಾಲ್ತಿರಲಿಲ್ಲ. ನೀನು ಓಡು."