ಅಪ್ಪನ ಬಲಗೈ

ಹಣ್ಣಾದ ರೇಷ್ಮೆಹುಳುವನ್ನು ಬೆಳಕಿಗೆ ಹಿಡಿದರೆ ಜೇನಿನ ಬಣ್ಣ, ಸೊಪ್ಪು ತಿನ್ನುವುದನ್ನು ಬಿಟ್ಟು ತಲೆ ಎತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತದೆ, ಅಂಥದ್ದನ್ನೇ ಆರಿಸಿ ಗೂಡು ಕಟ್ಟಲು ಚಂದ್ರಿಕೆಯ ಬಿದಿರ ಸುರುಳಿಗೆ ಬಿಡಬೇಕು, ಇನ್ನೊಂದು, ಮತ್ತೊಂದು — ಮೋನಿಕಾ ಒಬ್ಬಳೇ ಆರಿಸುತ್ತಿದ್ದಾಳೆ, ಗೋಡೆಯಾಚೆ ಪಡಸಾಲೆಯಲ್ಲಿ ಅವ್ವ, ಅಣ್ಣ, ಚಿಕ್ಕಪ್ಪ ಮೂವರೂ ಬೆಳಗಿನಿಂದ ಬಾಯಿ ಮುಚ್ಚಿಲ್ಲ, ಅಪ್ಪ ಈಗ ಎಲ್ಲಿದ್ದಾನೆ ಎಂಬುದೇ ಮಾತು, ಸ್ವರ್ಗದಲ್ಲೋ ನರಕದಲ್ಲೋ ನಡುವೆ ಎಲ್ಲೋ, ಅಪ್ಪ ಚೌರಪ್ಪ ಸತ್ತು ಇವತ್ತಿಗೆ ಮೂವತ್ತು ದಿನ, ಇದ್ದಾಗ ಎಲ್ಲಿದ್ದಾನೆ ಅಂತ ಯಾರು ಕೇಳಿದರು, ಎರಡು ವರ್ಷ ಈ ಹುಳುಮನೆಯ ಪಕ್ಕದ ಕೋಣೆಯಲ್ಲೇ ಇದ್ದ, ಲಕ್ವ ಹೊಡೆದು ಎಡಭಾಗ ಕೊರಡಾಗಿ, ಆಗ ಅಣ್ಣ ಹೇಮಂತನಿಗೆ ಕೊಳ್ಳೇಗಾಲದ ಪ್ರಾರ್ಥನೆ ಬಿಟ್ಟು ಬರಲು ಬಿಡುವಿರಲಿಲ್ಲ, ಯಳಂದೂರಿನಿಂದ ಅರುಳಪ್ಪ ಚಿಕ್ಕಪ್ಪನಿಗೆ ಬಸ್ಸೇ ಸಿಗುತ್ತಿರಲಿಲ್ಲ, ಈಗ ಮೊದಲ ಬಸ್ಸಿಗೇ ಬಂದು ಕೂತಿದ್ದಾನೆ, ಕಂಕುಳಲ್ಲಿ ಬೈಬಲ್ಲು.

ದೇವರು ಕೃಪೆ ಹಿಡ್ಕಂಡು ಬಾಗಿಲಲ್ಲಿ ನಿಂತವ್ನೆ ಕಣವ್ವ, ಈಸ್ಕಳಾದು ಬುಡಾದು ನಮ್ಮಿಷ್ಟ, ನಮ್ಮ ಸಭೇಲಿ ಒಪ್ಪಿದೋರು ಕೈ ಎತ್ತುತಾರೆ, ಅಪ್ಪನೂ ಎತ್ತಿತಂತಲ್ಲ — ಇದು ಹೇಮಂತ, ಮೂರು ವರ್ಷದ ಹಿಂದೆ ಹೊಳೆಯಲ್ಲಿ ಮುಳುಗಿ ಎದ್ದು ಹೊಸ ಸಭೆ ಸೇರಿದವನು. ಏನ್ಲಾ ಮಾತಾಡೀಯೆ, ನಲವತ್ತು ದಿನದ ಕೂಸಿಗೇ ನಿಮ್ಮಪ್ಪಂಗೆ ಜ್ಞಾನಸ್ನಾನ ಆಗಿತ್ತು, ಆ ಕೂಸು ಯಾವ ಕೈ ಎತ್ತಿತ್ಲಾ, ಸಾಯೋವಾಗ ಅವರು ಶಿಲುಬೆ ಗುರುತು ಹಾಕ್ಕಳಕ್ಕೆ ಕೈ ಎತ್ತಿದ್ರು, ಅಷ್ಟೇಯ — ಅವ್ವ ಹೇಳುತ್ತಲೇ ಮೂಗು ಸೀಟಿಕೊಂಡಳು, ಸಂಜೆ ಚರ್ಚಿನಲ್ಲಿ ಅಪ್ಪನ ಹೆಸರಿಗೆ ಪೂಜೆ ಇಡಿಸಿದ್ದಾಳೆ. ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡ. ಸ್ವರ್ಗಕ್ಕೆ ಆರಿಸ್ಕಳೋನು ದೇವ್ರು, ಲೋಕ ಉಟ್ಟಕ್ ಮುಂಚೇನೇ ಆರಿಸ್ಬುಟ್ಟವ್ನೆ, ನಮ್ಮಣ್ಣ ಕೈ ಎತ್ತಿದ್ರೇನು ಕಾಲೆತ್ತಿದ್ರೇನು. ಎಲ್ಲ ಮುಂಚೇನೇ ಆಗೋಗಿದ್ರೆ ನೀನ್ಯಾಕ್ ಚಿಕ್ಕಪ್ಪ ವಾದ ಮಾಡಕ್ಕೆ ಬಸ್ ಅತ್ಕಂಡ್ ಬಂದೆ, ಹೇಮಂತ ಕೆಣಕಿದ. ಅದೂ ಮುಂಚೇನೇ ಆಗಿತ್ತು ಕಣ್ಲಾ. ಹುಳುಗಳು ತಟ್ಟೆಯಲ್ಲೇ ನೂಲು ಬಿಡಲು ಶುರು ಮಾಡಿವೆ, ಆ ಆರು ಕೈಗಳಲ್ಲಿ ಎರಡು ಇತ್ತ ಬಂದರೂ ಸಾಕಿತ್ತು, ಯಾವ ಕೃಪೆಯೂ ಬೇಡ.

ತಪ್ಪು ಮೋನಿಕಾಳದೇ. ಮಣ್ಣು ಮಾಡಿ ಬಂದ ದಿನ ಅವ್ವ ಎದೆ ಬಡಿದುಕೊಂಡು ಅಳುತ್ತಿದ್ದಳು, ಫಾದರ್ ಬರೋ ಮೊದ್ಲೇ ಓಗ್ಬುಟ್ರಲ್ಲ ಅಂತ, ಸಮಾಧಾನಕ್ಕೆ ಏನಾದರೂ ಹೇಳಬೇಕಿತ್ತು, ಕೊನೇಲಿ ಅಪ್ಪ ಬಲಗೈ ಎತ್ತಿತು ಅಂದುಬಿಟ್ಟಳು, ಅಷ್ಟೇ, ಅವತ್ತಿನಿಂದ ಆ ಕೈಯನ್ನು ಆ ಕಡೆ ಈ ಕಡೆ ಎಳೆದಾಡುತ್ತಿದ್ದಾರೆ, ಭಾನುವಾರ ಸಭೆಯಲ್ಲಿ ಮೈಕು ಹಿಡಿದು ಸಾಕ್ಷಿ ಹೇಳು ಎನ್ನುತ್ತಾನೆ ಅಣ್ಣ, ಇವತ್ತೇ ಫಾದರಿಗೆ ಹೇಳು ಎನ್ನುತ್ತಾಳೆ ಅವ್ವ, ಏಳನೇ ಕ್ಲಾಸಿನಲ್ಲಿ ಹಾಜರಿಗೆ ಓಗೊಡಲೂ ಹೆದರಿ ಇಸ್ಕೂಲು ಬಿಟ್ಟವಳು ಇವಳು, ಏನು ಹೇಳುತ್ತಾಳೆ, ಹೇಳಿದರೆ ಇದ್ದದ್ದನ್ನೇ ಹೇಳಬೇಕು, ಇದ್ದದ್ದನ್ನು ಹೇಳಿದರೆ ಅವ್ವ ಮತ್ತೆ ಇವಳ ಕೈಯ ಅನ್ನ ಉಣ್ಣುತ್ತಾಳೆಯೇ. ಅಪ್ಪ ಸತ್ತ ದಿನವೂ ಹೀಗೇ ಹುಳು ಹಣ್ಣಾಗಿತ್ತು, ಕೋಣೆಯ ಬಾಗಿಲು ತೆರೆದಿತ್ತು, ಕೈ ಮೇಲೆದ್ದದ್ದು ಕಂಡಿತ್ತು, ಹಣೆಯ ಕಡೆಗೂ ಅಲ್ಲ ಆಕಾಶದ ಕಡೆಗೂ ಅಲ್ಲ, ಇವಳ ಕಡೆಗೆ, ಬೆರಳು ಮಡಿಸಿ ಬಿಡಿಸಿ ಕರೆಯುತ್ತಿತ್ತು, ಇವಳ ಅಂಗೈಯಲ್ಲಿ ಐದು ಹುಳು, ಇದೊಂದು ತಟ್ಟೆ ಮುಗಿಯಲಿ ಅಂದುಕೊಂಡಳು, ಬೆಳಗಿನಿಂದ ಎಷ್ಟು ಸಲ ಎದ್ದುಹೋಗಲಿ ಅಂತ ಸಿಡುಕು ಬೇರೆ, ಯಾರೂ ಅವಳನ್ನು ಹಿಡಿದು ಕೂರಿಸಿರಲಿಲ್ಲ, ಲೋಕ ಹುಟ್ಟುವ ಮುಂಚೆ ಬರೆದಿತ್ತು ಅಂತ ಚಿಕ್ಕಪ್ಪ ಹೇಳಿದರೆ ಹೇಳಲಿ, ಏಳಬಹುದಿತ್ತು, ಆರು ಹೆಜ್ಜೆ, ಏಳಲಿಲ್ಲ, ತಟ್ಟೆ ಮುಗಿಸಿ ಹೋಗುವಷ್ಟರಲ್ಲಿ ಉಸಿರು ನಿಂತಿತ್ತು — ಮೋನಿ, ಬಾವ್ವ ಇಲ್ಲಿ, ಅಪ್ಪ ಕೈ ಎತ್ತಿ ಏನಂತು, ನೀನೇ ಹೇಳ್ಬುಡು, ಅಣ್ಣ ಬಾಗಿಲಲ್ಲಿ ನಿಂತಿದ್ದಾನೆ, ಅವನ ಹಿಂದೆ ಅವ್ವ, ಚಿಕ್ಕಪ್ಪ, ಹುಳು ಬೆರಳನ್ನು ಹಿಡಿದುಕೊಂಡಿದೆ, ಬಿಡುತ್ತಿಲ್ಲ, ಆ ಕೈ, ಉಗುರು ಬೆಳೆದಿದ್ದ ಕೈ, ಕಂಬಳಿಯ ಮೇಲೆ ಗಾಳಿಯಲ್ಲಿ, ಇನ್ನೂ ಇಳಿಯದೆ, ಅಪ್ಪನ ತೊದಲು ನಾಲಿಗೆಯಲ್ಲಿ —

ಮಗಾ, ವಸಿ ಈ ಮಗ್ಗುಲ್ಗೆ ತಿರುಗ್ಸವ್ವ.