ಪಿಯೆರಿಸ್ ಕಾದ ಹೊತ್ತು

ನನ್ನ ಸಂಶೋಧನೆ ಯಾವುದರ ಮೇಲೆ ಎಂದು ಯಾರಾದರೂ ಕೇಳಿದರೆ ನನಗಿಂತ ಮೊದಲು ಅಜ್ಜಿಯೇ ಬಾಯಿ ಹಾಕುತ್ತಾಳೆ. "ಜಗಳಗಂಟರ ಪದ ಬರ್ಕೊಂಡು ಡಾಕ್ಟರ್ ಆಗ್ತಾಳಂತೆ. ಜ್ವರ ಬಂದ್ರೆ ಇವಳ ಹತ್ರ ಹೋಗ್ಬೇಡಿ."

ನಿಕೋಸಿಯಾದ ವಿಶ್ವವಿದ್ಯಾಲಯದಲ್ಲಿ ಬೈಜಾಂಟೈನ್ ಮತ್ತು ಆಧುನಿಕ ಗ್ರೀಕ್ ವಿಭಾಗ ಸೇರಿ ನಾನು ಮಾಡುತ್ತಿರುವುದು ಹೆಚ್ಚುಕಡಿಮೆ ಅದನ್ನೇ. ಚಕ್ರವರ್ತಿಗಳ ಕಾಲದ ಗಡಿಕಾವಲಿನವರ ಹಾಡಿನಿಂದ ಹಿಡಿದು ನಮ್ಮ ಲಾರ್ನಾಕಾದ ಕಡಲ ಹಬ್ಬದ ಸವಾಲು-ಜವಾಬಿನವರೆಗೆ ಎಲ್ಲವೂ ನನ್ನ ಪ್ರಬಂಧದಲ್ಲಿದೆ. ಹಬ್ಬದಲ್ಲಿ ಕಡಲ ದಂಡೆಗೆ ಹಾಕಿದ ವೇದಿಕೆಯ ಮೇಲೆ ಒಬ್ಬ ಎರಡು ಸಾಲು ಹಾಡುತ್ತಾನೆ. ಪಿಟೀಲು ಒಂದು ಸುತ್ತು ಬರುವುದರೊಳಗೆ ಎದುರಾಳಿ ಅದೇ ಪ್ರಾಸ ಹಿಡಿದು ತಿರುಗೇಟು ಕೊಡಬೇಕು. ಕೊಡದಿದ್ದವನು ಸೋತ.

ಈ ವಸಂತದಲ್ಲಿ, ತೀರಿಹೋದ ಒಬ್ಬ ಶಾಲಾಮಾಸ್ತರರು ಹಬ್ಬದ ಹಾಡು ತುಂಬಿಕೊಂಡಿದ್ದ ಹಳೆಯ ಟೇಪುಗಳು ನನ್ನ ಕೈಗೆ ಬಂದವು. ಅವನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಲಾರ್ನಾಕಾ ಪಕ್ಕದ ಅರಾಡಿಪ್ಪೋದ ಅಜ್ಜಿಮನೆಯ ಅಡುಗೆಕೋಣೆಯಲ್ಲಿ ಕೂತು ಕೇಳುತ್ತಿದ್ದೆ. ಎದುರಿಗೆ ಅಜ್ಜಿ ಮಿರಿಯಾಂಥಿ ದ್ರಾಕ್ಷಿ ಎಲೆಯಲ್ಲಿ ಅಕ್ಕಿ, ಕೀಮಾ ಇಟ್ಟು ಸುತ್ತುತ್ತಿದ್ದಳು. ಒಂದು ಎಳೆಯ ಗಂಡುದನಿ ಮೇಲೆದ್ದಿತು:

ಕಿವಿಯಲ್ಲಿ ಕಾಮಕಸ್ತೂರಿ ಮುಡಿದೋಳೆ, ಕಡಲಿಗೆ ಬೆನ್ನು ಕೊಟ್ಟು ನಿಂತೆ,
ಹಡಗು ಕಾದೈತೆ, ಹಗ್ಗ ಬಿಚ್ಚಲೋ ಬೇಡವೋ, ನಿಂದೇ ಮಾತು, ನಂಗಿಲ್ಲ ಚಿಂತೆ.

ಅಜ್ಜಿಯ ಕೈ ಎಲೆಯ ಮೇಲೆಯೇ ನಿಂತಿತು.

"ಪಿಯೆರಿಸ್," ಎಂದಳು. "ಅದು ಪಿಯೆರಿಸ್. ನಿಲ್ಲಿಸು. ಬೇಡ, ನಿಲ್ಲಿಸ್ಬೇಡ."

ಆಮೇಲೆ ಎಲ್ಲವನ್ನೂ ಹೇಳಿದಳು. ಆಗ ಅವಳಿಗೆ ಹತ್ತೊಂಬತ್ತು. ಪಿಯೆರಿಸ್ ಇದೇ ಬೀದಿಯ ಬಡಗಿಯ ಮಗ. ವೇದಿಕೆಯಲ್ಲಿ ಅವನಿಗೆ ಎದುರಾಗಿ ನಿಂತಿದ್ದವನು ಒಬ್ಬ ದಡೂತಿ ಕಟುಕ. ಕಟುಕನ ಕಿವಿಯಲ್ಲಿ ಕಾಮಕಸ್ತೂರಿ ಎಲ್ಲಿಂದ ಬರಬೇಕು? ಪದ ತನಗಲ್ಲವೆಂದು ತಿಳಿದು ಅವನು ಬಾಯಿ ಮುಚ್ಚಿದ. ಪಿಯೆರಿಸ್ ಜನರ ನಡುವೆ ನಿಂತಿದ್ದ ಇವಳನ್ನೇ ನೋಡಿದ. ಆದರೆ ಆ ವೇದಿಕೆಗೆ ಹೆಣ್ಣುಮಕ್ಕಳು ಉತ್ತರ ಕೊಡುವಂತಿರಲಿಲ್ಲ. ಪಕ್ಕದಲ್ಲಿ ಅಪ್ಪ ಇದ್ದ, ಅಣ್ಣಂದಿರಿದ್ದರು. ಪಿಯೆರಿಸ್ ಗೆದ್ದನೆಂದು ಸಾರಿದರು. ಗೆದ್ದವನು ಅದೇ ತಿಂಗಳು ಲಂಡನ್ನಿನ ಹಡಗು ಹತ್ತಿದ. ಮತ್ತೆ ಬರಲಿಲ್ಲ. ಹೋದ ಚಳಿಗಾಲ ಅವನು ತೀರಿಕೊಂಡ ಸುದ್ದಿ ಬಂದಾಗ ಅಜ್ಜಿ ಚರ್ಚಿನಲ್ಲಿ ಒಂದು ಮೇಣದಬತ್ತಿ ಹೆಚ್ಚಿಗೆ ಹಚ್ಚಿದ್ದು ನನಗೆ ನೆನಪಿದೆ. ಯಾರಿಗೆಂದು ನಾನು ಕೇಳಿರಲಿಲ್ಲ.

"ನಿಮ್ಮ ತಾತನ ಬಗ್ಗೆ ಒಂದು ಕೆಟ್ಟ ಮಾತಾಡಿದ್ರೆ ನನ್ನ ನಾಲಿಗೆ ಬಿದ್ದೋಗ್ಲಿ," ಎಂದಳು. "ಆದ್ರೆ ಜವಾಬು ಆಗ್ಲೇ ಹುಟ್ಟಿತ್ತು ಕೂಸೆ. ಇನ್ನೂ ಬಾಯಾಗೇ ಕುಂತೈತೆ. ಎಷ್ಟು ಹೊತ್ತು ಕಾದ ಅಂತೀಯ! ಪಿಟೀಲಿನೋನು ಕಮಾನು ಎತ್ತೋದೇ ಮರ್ತಿದ್ದ. ನಾನೊಬ್ಳು ಬಾಯಿ ಬಿಟ್ಟಿದ್ರೆ..."

"ಈಗ ಬಿಡು ಅಜ್ಜಿ. ಅವನ ಪದ ಹಾಕ್ತೀನಿ, ಮುಗಿದ ತಕ್ಷಣ ನಿನ್ನದು ಹೇಳು."

"ನಿನ್ನ ಪುಸ್ತಕಕ್ಕೆ ಹಾಕ್ತೀಯ?"

"ಹಾಕಲ್ಲ."

"ಹಾಕಿದ್ರೆ ಈ ಮನೇಲಿ ನಿಂಗೆ ಕಾಫಿ ಇಲ್ಲ."

ಕೈ ತೊಳೆದು ಬಂದು ನೆಟ್ಟಗೆ ಕೂತಳು. ನಾನು ಟೇಪು ಹಾಕಿದೆ. ಪಿಯೆರಿಸ್ ಹಾಡಿ ನಿಲ್ಲಿಸಿದ. ಅಜ್ಜಿ ಎತ್ತಿದಳು, "ಹಗ್ಗ ಬಿಚ್ಚೋಕೆ ಅಪ್ಪಣೆ ಕೇಳೋನೆ..."

ಅಷ್ಟರಲ್ಲೇ ಚಪ್ಪಾಳೆ ಬಿತ್ತು. ಶಿಳ್ಳೆ, ಪಿಟೀಲು, ಎಲ್ಲ ಒಟ್ಟಿಗೆ.

ಮತ್ತೆ ಹಾಕಿಸಿದಳು. ಮತ್ತೆ ಅದೇ ಜಾಗದಲ್ಲಿ ಚಪ್ಪಾಳೆ. ಇನ್ನೊಮ್ಮೆ ಉಸಿರು ಬಿಗಿಹಿಡಿದು ಬೇಗಬೇಗ ಹೇಳಲು ಹೋದಳು, ಕೆಮ್ಮು ಬಂತು.

"ಇಷ್ಟೇನಾ ಅವನು ಕಾದಿದ್ದು?" ಎಂದು ನನ್ನನ್ನು ಕೇಳಿದಳು, ತಪ್ಪು ನನ್ನದೇ ಎಂಬಂತೆ.

ಆ ಸಂಜೆ ಪಾತ್ರೆಯಲ್ಲಿ ಎಲೆಗಳೆಲ್ಲ ಬಿಚ್ಚಿಕೊಂಡು ಅಕ್ಕಿ ಗಂಜಿಯಾಗಿತ್ತು. ಆಮೇಲೆ ಕೆಲವು ದಿನ ಅಜ್ಜಿ ನನ್ನನ್ನು ಒಂದು ಸಲವೂ ಛೇಡಿಸಲಿಲ್ಲ. ಇಷ್ಟು ವರ್ಷ ಅವಳ ಮಟ್ಟಿಗೆ ಅವನು ದಂಡೆಯ ಮೇಲೆ ಅವಳನ್ನೇ ನೋಡುತ್ತ ನಿಂತಿದ್ದ. ನಾನು ಆ ಹಾಳು ಯಂತ್ರ ತಂದು ಅವನನ್ನು ಅಲ್ಲಿಂದ ಕಳಿಸಿಬಿಟ್ಟಿದ್ದೆ. ನನಗೆ ಅಳು ಬರುತ್ತಿತ್ತು.

ನನ್ನ ಮಾರ್ಗದರ್ಶಕಿ ಪ್ರೊಫೆಸರ್ ಸ್ತಾಲೋ ಅವರಿಗೆ ಟೇಪು ಸಿಕ್ಕಿದ್ದೇ ಹಬ್ಬ. "ಉತ್ತರ ಇಲ್ಲದ ಪದ! ಒಳ್ಳೇ ಅಧ್ಯಾಯ ಆಗುತ್ತೆ, ಅವ್ಗುಸ್ತಾ," ಎಂದರು. ಆಮೇಲೆ, ಮೊದಲ ದಿನದಿಂದ ಹೇಳುತ್ತ ಬಂದಿದ್ದನ್ನೇ ಮತ್ತೆ ಹೇಳಿದರು. "ಹಸ್ತಪ್ರತಿಯಲ್ಲಿ ತೂತಿದ್ದರೆ ತೂತು ತೋರಿಸು. ಹೊಲಿಯೋಕೆ ನೀನೇನು ದರ್ಜಿಯಲ್ಲ."

"ಸರಿ ಮೇಡಂ," ಎಂದೆ. ಹೊರಗೆ ಬಂದು, ಅವರ ಕೋಣೆಯ ಎದುರಿನ ಮೇಜಿನಲ್ಲೇ ಕೂತು ಹೊಲಿಯತೊಡಗಿದೆ.

ಟೇಪಿನ ಮೌನವೆಂದರೆ ಬರೀ ಖಾಲಿಯಲ್ಲ. ಅದರೊಳಗೆ ಅಲೆಯಿದೆ, ಯಾರದೋ ಕೆಮ್ಮಿದೆ, ದೂರದಲ್ಲಿ ನೀರೆರಚಾಡುವವರ ನಗುವಿದೆ. ಹಾಡು ಶುರುವಾಗುವ ಮುಂಚೆ ಮಾಸ್ತರರು ಒಂದಿಷ್ಟು ಕಡಲನ್ನು ಹಾಗೇ ತುಂಬಿಕೊಂಡಿದ್ದರು. ಆ ಕಡಲನ್ನು ಕತ್ತರಿಸಿ ತಂದು ಪಿಯೆರಿಸ್‌ನ ಪದಕ್ಕೂ ಚಪ್ಪಾಳೆಗೂ ನಡುವೆ ಸೇರಿಸಿದೆ. ಅಂಚು ಕೂಡಿಸಿದ್ದು ಗೊತ್ತಾಗದಂತೆ ಉಜ್ಜಿದೆ. ಬೇರೆ ವಿದ್ಯಾರ್ಥಿ ಯಾರಾದರೂ ಹೀಗೆ ಮಾಡಿದ್ದರೆ ವಿಭಾಗದಿಂದಲೇ ಓಡಿಸಬೇಕೆಂದು ಮೊದಲು ಕೂಗುವವಳು ನಾನೇ. ಅಸಲು ಟೇಪು ಅಸಲಾಗಿಯೇ ಇದೆ. ಪ್ರಬಂಧದಲ್ಲೂ "ಉತ್ತರ ದೊರೆತಿಲ್ಲ" ಎಂದೇ ಬರೆದಿದ್ದೇನೆ.

ಭಾನುವಾರ ಮಧ್ಯಾಹ್ನ ಅಜ್ಜಿಮನೆಗೆ ಹೋದೆ. "ಅಜ್ಜಿ, ಆವತ್ತಿಂದು ತುಂಡಾದ ಪ್ರತಿ ಕಣೆ. ಪೂರ್ತಿ ಪ್ರತಿ ಇವಾಗ ಸಿಕ್ತು."

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಏಪ್ರನ್ ಬಿಚ್ಚಿಟ್ಟಳು. ಕಿಟಕಿಯ ಕುಂಡದಿಂದ ಕಾಮಕಸ್ತೂರಿಯ ಒಂದು ಕುಡಿ ಚಿವುಟಿ ಕಿವಿಗೆ ಸಿಕ್ಕಿಸಿಕೊಂಡಳು. ಕಿಟಕಿಗೆ ಬೆನ್ನು ಕೊಟ್ಟು ನಿಂತಳು.

ಪಿಯೆರಿಸ್ ಹಾಡಿ ಮುಗಿಸಿದ. ಅಲೆಯ ಸದ್ದು ಬಂತು. ಅಜ್ಜಿ ಈ ಸಲ ಅವಸರ ಮಾಡಲಿಲ್ಲ. ಒಂದು ಅಲೆ ಹೋಗಲು ಬಿಟ್ಟು ಎತ್ತಿದಳು:

ಹಗ್ಗ ಬಿಚ್ಚೋಕೆ ಅಪ್ಪಣೆ ಕೇಳೋನೆ, ಹೋಗೋ ಮನಸಿದ್ರೆ ಯಾಕೋ ನಿಂತೆ?
ಕಸ್ತೂರಿ ಇಲ್ಲಿ ನೀರಿಲ್ದೆ ಬಾಡ್ತೈತೆ, ನೀ ಹೋಗೋ ಊರಲ್ಲಿ ದಿನಾ ಮಳೆಯಂತೆ.

ದನಿ ಕೊನೆಯಲ್ಲಿ ಒಡೆಯಿತು, ಪ್ರಾಸ ಮಾತ್ರ ಒಡೆಯಲಿಲ್ಲ. ಇನ್ನೊಂದು ಅಲೆ ಬಂದು ಹೋಯಿತು. ಆಮೇಲೆ ಚಪ್ಪಾಳೆ ಬಿತ್ತು. ಶಿಳ್ಳೆ, ಪಿಟೀಲು, ಇಡೀ ಲಾರ್ನಾಕಾದ ದಂಡೆ ಅವಳಿಗಾಗಿ ಚಪ್ಪಾಳೆ ತಟ್ಟಿತು. ಅಜ್ಜಿ ಕೆಂಪಾದಳು. ತಲೆಯ ವಸ್ತ್ರ ಸರಿಮಾಡಿಕೊಂಡು, ಅದು ಪೂರ್ತಿ ನಿಲ್ಲುವ ತನಕ ಹಾಗೇ ನಿಂತಿದ್ದಳು.

"ಸುಳ್ಳಿ," ಎಂದಳು ಆಮೇಲೆ, ಕಣ್ಣೊರೆಸಿಕೊಳ್ಳುತ್ತ. "ಪಿಯೆರಿಸ್ ಇಷ್ಟು ಹೊತ್ತು ಸುಮ್ಕೆ ಇರೋ ಆಸಾಮಿನೇ ಅಲ್ಲ."

ನಾನು ಲ್ಯಾಪ್‌ಟಾಪ್ ಮುಚ್ಚಲು ಹೋದೆ.

"ಇನ್ನೊಂದ್ಸಲ ಹಾಕು."