ಗೋಡೆಗೆ ಮುಖ ಮಾಡಿದ ಜಾಡಿ

ಟೆನೆಸಿಯ ಆ ಗುಡ್ಡದೂರಿನಲ್ಲಿ ವಿಮೆ ಇದ್ದವರು ಕಡಿಮೆ. ಯಾರಾದರೂ ಹಾಸಿಗೆ ಹಿಡಿದರೆ ಅವರ ಫೋಟೊ ಅಂಟಿಸಿದ ಉಪ್ಪಿನಕಾಯಿ ಜಾಡಿಯೊಂದು ಎಲ್ವುಡ್‌ನ ಪೆಟ್ರೋಲ್ ಬಂಕಿನ ಗಲ್ಲಾ ಪಕ್ಕ ಬಂದು ಕೂರುತ್ತಿತ್ತು. ಕಾಫಿಗೋ ಸಿಗರೇಟಿಗೋ ಬಂದವರು ಉಳಿದ ಚಿಲ್ಲರೆಯನ್ನು ಅದಕ್ಕೆ ಹಾಕಿ ಹೋಗುತ್ತಿದ್ದರು. ಈ ಜಾಡಿಗಳ ಉಸ್ತುವಾರಿ ಲಾಗಾಯ್ತಿನಿಂದ ವರ್ಲೀನಳದು. ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದ ಅವಳು ಫೋಟೊ ನೆಟ್ಟಗೆ ಅಂಟಿಸುವುದರಲ್ಲಿ ಎತ್ತಿದ ಕೈ.

ಹಾಗಿರುವಾಗ ಅವಳನ್ನು ಒಂದು ಮಾತೂ ಕೇಳದೆ ಹೊಸ ಜಾಡಿ ಇಟ್ಟವರು ಯಾರು? ಅದೂ ಗೋಡೆಗೆ ಮುಖ ಮಾಡಿ! ಅವಳು ಬಾಗಿಲು ತಳ್ಳಿದೊಡನೆ ಎಲ್ವುಡ್‌ನ ಕೈ ಜಾಡಿಯತ್ತ ಹೋಗಿ ಅದನ್ನು ತಿರುಗಿಸಿಬಿಡುತ್ತಿತ್ತು. ವರ್ಲೀನಳ ತಲೆಗೆ ಹುಳ ಬಿಟ್ಟಂತಾಯಿತು. ಪಾದ್ರಿಯ ಹೆಂಡತಿಯದೇ? ಅವಳ ಮಂಡಿನೋವು ವಾಸಿಯಾಗಿತ್ತಲ್ಲ. ಮತ್ತೆ ಯಾರದು?

ಒಂದು ದಿನ ಥಟ್ಟನೆ ಹೊಳೆಯಿತು. ಎಲ್ವುಡ್‌ನದೇ! ಅವನಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಕೊಳ್ಳಲು ಕೈಲಾಗದೆ ಅರ್ಧರ್ಧ ಚುಚ್ಚಿಕೊಳ್ಳುತ್ತಾನೆಂದು ಅವನ ತಂಗಿ ಹೇಳಿದ್ದಳು. ಪಾಪ, ನಾಚಿಕೆ. ಅಂದಿನಿಂದ ಬಂದಾಗಲೆಲ್ಲ ಅವನ ಕಣ್ಣು ತಪ್ಪಿಸಿ ಒಂದು ನೋಟು ಮಡಚಿ ತೂರಿಸತೊಡಗಿದಳು.

ಅವಳ ಬಳಿ ದುಡ್ಡೇನೂ ಕೊಳೆತು ಬಿದ್ದಿರಲಿಲ್ಲ. ಪಿತ್ತಕೋಶದ ಆಪರೇಷನ್ನಿನ ಬಿಲ್ಲು ಅಮ್ಮ ಬಿಟ್ಟುಹೋದ ಮನೆಯನ್ನೇ ನುಂಗುವಷ್ಟಿತ್ತು. ಅದು ಯಾರಿಗೂ ಗೊತ್ತಿಲ್ಲವೆಂದು ಅವಳು ನಂಬಿದ್ದಳು. ಆ ಊರಿನಲ್ಲಿ ಹುಟ್ಟಿ ಬೆಳೆದೂ ಹಾಗೆ ನಂಬಿದ್ದೇ ತಮಾಷೆ.

ಕೊನೆಗೆ ನಾಚಿಕೆ ಬಿಟ್ಟು ಆಸ್ಪತ್ರೆಗೆ ಫೋನು ಮಾಡಿದಳು. ಇಲ್ಲದವರ ಬಿಲ್ಲು ಮನ್ನಾ ಮಾಡುವ ಏರ್ಪಾಡು ಇತ್ತಂತೆ, ಕೇಳಿದವರಿಗೆ ಮಾತ್ರ! ಅರ್ಜಿ ಬಂತು. ‘ನನ್ನ ಹೆಸರಿನಲ್ಲಿ ಯಾರೂ ಹಣ ಸೇರಿಸುತ್ತಿಲ್ಲ’ ಎಂಬ ಸಾಲಿನ ಕೆಳಗೆ ಧೈರ್ಯವಾಗಿ ಸಹಿ ಹಾಕಿ, ಅಂಚೆಚೀಟಿಗೆಂದು, ಅದನ್ನೂ ಮಾರುತ್ತಿದ್ದ ಬಂಕಿಗೆ ಹೋದಳು.

ಎಲ್ವುಡ್ ಹೊರಗೆ ಯಾರದೋ ಟ್ರಕ್ಕಿಗೆ ಗಾಳಿ ತುಂಬುತ್ತಿದ್ದ. ಹೊರಹೋಗುವಾಗ ಅವನು ಗೋಡೆಗೆ ತಿರುಗಿಸಿಟ್ಟಿದ್ದ ಜಾಡಿ ಒಂಟಿಯಾಗಿತ್ತು. ವರ್ಲೀನಳ ಕೈ ಸುಮ್ಮನಿರಲಿಲ್ಲ, ತಿರುಗಿಸಿಯೇ ಬಿಟ್ಟಿತು.

ಚರ್ಚಿನ ಊಟದ ದಿನದ ಫೋಟೊ. ಸೌಟು ಹಿಡಿದು ಹಲ್ಲು ಕಿರಿಯುತ್ತಿದ್ದವಳು ಅವಳೇ. ವಾರೆಯಾಗಿ ಬೇರೆ ಅಂಟಿಸಿದ್ದರು.

"ಏನೋ ಇದು?"

ಒಳಬಂದ ಎಲ್ವುಡ್ ಟೋಪಿ ತೆಗೆದ. "ಹೇಳಿದ್ರೆ ನೀನು ಬಿಡ್ತಿದ್ಯಾ? ಊರೋರೆಲ್ಲ ಹಾಕಿದಾರೆ ಕಣೆ. ಯಾವನೋ ಪುಣ್ಯಾತ್ಮ ನೋಟೇ ಮಡಚಿ ಹಾಕ್ತಾನೆ."

"ಪುಣ್ಯಾತ್ಮ ಅಲ್ಲ, ಪೆದ್ದಿ. ನಾನೇ ಹಾಕಿದ್ದು. ನಿನ್ ಜಾಡಿ ಅಂದ್ಕೊಂಡು!"

ಎಲ್ವುಡ್‌ಗೆ ನಗು ತಡೆಯಲಾಗಲಿಲ್ಲ. ವರ್ಲೀನ್ ಲಕೋಟೆ ತೋರಿಸಿ ವಿಷಯ ಹೇಳಿದ ಮೇಲೆ ನಗು ನಿಂತಿತು. ಆ ಜಾಡಿ ಇರುವವರೆಗೆ ಅವಳ ಸಹಿ ಸುಳ್ಳು. ಜಾಡಿಯ ದುಡ್ಡೋ ಬಿಲ್ಲಿನ ಮೂಲೆಗೂ ಸಾಲದು. ಅರ್ಜಿ ಬಿದ್ದುಹೋದರೆ ಮನೆ ಹೋದ ಹಾಗೆಯೇ.

"ಒಳಗೆ ಎತ್ತಿಡ್ತೀನಿ ಬಿಡು. ಅವರೇನು ಇಲ್ಲಿಗೆ ಬಂದು ನೋಡ್ತಾರಾ?"

"ಅವರು ನೋಡಲ್ಲ ಕಣೋ. ನಾನು ನೋಡಾಯ್ತಲ್ಲ."

ಅವಳ ಕಣ್ಣು ತುಂಬಿತು. ಊರಿನವರ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಪ್ರೀತಿ ಬಂತು. ಮೂಗೊರೆಸಿಕೊಂಡು ಕೇಳಿದಳು, "ಅರ್ಧರ್ಧ ಚುಚ್ಕೊಳ್ತೀಯಂತೆ, ನಿಜವೇನೋ?"

ಎಲ್ವುಡ್ ನೆಲ ನೋಡಿದ. "ನನ್ ತಂಗಿ ಬಾಯಿಗೆ ಬೀಗ ಹಾಕ್ಬೇಕು."

ವರ್ಲೀನ್ ಉಗುರಿನಿಂದ ತನ್ನ ಫೋಟೊ ಕಿತ್ತಳು. ಗಲ್ಲಾದ ಹಿಂದಿನ ಗೋಡೆಯಲ್ಲಿ ಎಲ್ವುಡ್ ಮೀನು ಎತ್ತಿ ಹಿಡಿದ ಫೋಟೊ ಇತ್ತು. ಅದನ್ನು ಇಳಿಸಿದಳು.

"ಬೇಡ ಕಣೆ, ಗಿರಾಕಿಗಳು ನೋಡ್ತಾರೆ."

"ನನ್ ಮುಖ ಇಡೋವಾಗ ಎಲ್ಲಿತ್ತು ಈ ನಾಚಿಕೆ? ಇನ್ಮೇಲೆ ಇದು ನಿನ್ ಜಾಡಿ ಅಂತ ಭಾನುವಾರ ಚರ್ಚಲ್ಲಿ ನಾನೇ ಹೇಳ್ತೀನಿ. ಬೇಕಾದೋರು ವಾಪಸ್ ತಗೊಳ್ಲಿ. ಸೋಮವಾರ ನೀನೂ ಆಸ್ಪತ್ರೆಗೆ ಬರ್ತೀಯ, ಬಾಯ್ಬಿಟ್ಟು ಕೇಳ್ತೀಯ."

ಫೋಟೊ ನೆಟ್ಟಗೆ ಅಂಟಿಸಿ, ಜಾಡಿಯ ಮುಖವನ್ನು ಬಾಗಿಲ ಕಡೆ ಮಾಡಿದಳು. ಈ ಸಲ ಅವನ ಕಣ್ಣೆದುರೇ ಒಂದು ನೋಟು ಹಾಕಿದಳು.

"ಈಗ ಅಂಚೆಚೀಟಿ ಕೊಡು."

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಟ್ರಕ್ಕಿನವನು ಒಳಬಂದ. ಎಲ್ವುಡ್‌ನ ಕೈ ಅಭ್ಯಾಸದಂತೆ ಜಾಡಿಯ ಬಳಿ ಹೋಯಿತು. ಅಲ್ಲೇ ಕ್ಷಣ ನಿಂತು, ತಿರುಗಿಸದೆ ಹಿಂದೆ ಬಂತು.